ನೀಲವ್ವ ಹೋದಳೋ ಬಂದಳೋ

ಮಾನ್ಯ ಕಾದಂಬರಿಕಾರರಿಗೆ, ಬೈಲಹೊಂಗಲದಿಂದ ಸುವರ್ಣಾ ಮಾಡುವ ಶರಣು.

ಪತ್ರದ ಮೊದಲಿಗೆ ಕ್ಷೇಮ ಸಮಾಚಾರ ವಿಚಾರಿಸಬೇಕೆಂದು ನಮಗೆ ಶಾಲೆಯಲ್ಲಿ ಕಲಿಸಿದ್ದರು. ಆದರೆ ನೀವು ತೀರಿಕೊಂಡು ಎಷ್ಟೋ ವರ್ಷಗಳಾದವು. ನಾನು ಹುಟ್ಟುವ ಮೊದಲೇ ನಿಮ್ಮ ತಿಥಿಯ ಊಟವೂ ಮುಗಿದಿತ್ತಂತೆ. ಅಂಥವರಿಗೆ ‘ನೀವು ಕ್ಷೇಮವೇ’ ಎಂದು ಕೇಳಿದರೆ ಚೇಷ್ಟೆ ಮಾಡಿದಂತಾಗುತ್ತದೆ. ನನ್ನ ಕ್ಷೇಮವನ್ನಾದರೂ ತಿಳಿಸೋಣವೆಂದರೆ ಅದು ಸರಿ ಇಲ್ಲ. ಡಾಕ್ಟರರು ಬಿಪಿ ಏರಿದೆ, ಉಪ್ಪು ಕಡಿಮೆ ಮಾಡಿರಿ ಎಂದಿದ್ದಾರೆ. ಉಪ್ಪಿನದೇನೂ ತಪ್ಪಿಲ್ಲ. ತಪ್ಪು ನಿಮ್ಮದು.

ಸಿಟ್ಟು ಮಾಡಿಕೊಳ್ಳಬೇಡಿ. ನಾನು ಯಾರೆಂದು ಹೇಳುತ್ತೇನೆ. ನನ್ನ ತವರು ತೊರಗಲ್. ಕೋಟೆಯ ಕೆಳಗಿನ ಓಣಿಯಲ್ಲಿ ನಮ್ಮ ಮನೆ. ಹೈಸ್ಕೂಲಿಗೆಂದು ರಾಮದುರ್ಗದಲ್ಲಿ ಸೋದರತ್ತೆಯ ಮನೆಯಲ್ಲಿದ್ದೆ. ಅಲ್ಲಿಯ ವಾಚನಾಲಯದಲ್ಲಿ ನಿಮ್ಮ ಕಾದಂಬರಿ ಸಿಕ್ಕಿತು. ರಟ್ಟು ಹರಿದು ಯಾರೋ ಸಿಮೆಂಟ್ ಚೀಲದ ಕಾಗದ ಹಾಕಿದ್ದರು. ಓದಲು ಕುಳಿತವಳು ಎದ್ದಿದ್ದರೆ ಕೇಳಿರಿ. ಒಲೆಯ ಮೇಲಿನ ಬೇಳೆ ಸೀದು, ಅತ್ತೆ ಬಂದು ಬೈದು, ಪಾತ್ರೆ ತಿಕ್ಕಿ ಹೋದರೂ ನಾನು ನೀಲವ್ವನ ಖಾನಾವಳಿಯಲ್ಲಿಯೇ ಇದ್ದೆ.

ನೀವೇ ಬರೆದದ್ದನ್ನು ನಿಮಗೇ ಹೇಳುವುದು ಅಧಿಕಪ್ರಸಂಗ. ಆದರೆ ಇಷ್ಟು ವರ್ಷ ಆ ಕಡೆ ಇದ್ದವರಿಗೆ ಮರೆತಿರಲೂಬಹುದು. ನಿಮ್ಮ ನೀಲವ್ವನ ಗಂಡ ರುದ್ರಗೌಡ ನಾಟಕದ ಹುಚ್ಚು ಹಿಡಿದು, ಹೊಸ ಹೆಂಡತಿಯನ್ನು ಬಿಟ್ಟು, ಯಾವುದೋ ಕಂಪನಿಯ ಹಿಂದೆ ಊರೂರು ತಿರುಗಲು ಹೋದ. ಆಕೆ ಅತ್ತಳು, ಅತ್ತು ಬೇಜಾರಾಗಿ ಸವದತ್ತಿಯ ರಸ್ತೆಯಲ್ಲಿ ಖಾನಾವಳಿ ತೆಗೆದಳು. ಆಕೆಯ ರೊಟ್ಟಿಗೆ ಹೆಸರು ಬಂತು. ತಲೆ ಹಣ್ಣಾಗುವ ಹೊತ್ತಿಗೆ ರುದ್ರಗೌಡ ಬಂದು ಖಾನಾವಳಿಯ ಮುಂದೆ ನಿಂತು, ‘ನಡಿ ನೀಲಾ, ಊರಿಗೆ ಹೋಗೂಣು’ ಎಂದ. ನೀಲವ್ವ ಬಾಗಿಲಿಗೆ ಬಂದಳು. ಸೆರಗಿಗೆ ಕೈ ಒರೆಸಿಕೊಂಡಳು. ಅವನ ಮುಖ ನೋಡಿ,

ಅಷ್ಟೇ. ಮುಂದಿನ ಹಾಳೆ ಇರಲಿಲ್ಲ. ಯಾವ ಪುಣ್ಯಾತ್ಮರು ಅದರಲ್ಲಿ ಚುರುಮುರಿ ಕಟ್ಟಿಕೊಂಡು ಹೋಗಿದ್ದರೋ, ಅವರ ಹೊಟ್ಟೆ ತಣ್ಣಗಿರಲಿ. ನನ್ನ ಹೊಟ್ಟೆ ಅಂದಿನಿಂದ ಉರಿಯುತ್ತಿದೆ. ಪೂರ್ಣವಿರಾಮಕ್ಕಾದರೂ ಹರಿದಿದ್ದರೆ ಸಮಾಧಾನವಾಗುತ್ತಿತ್ತು. ಅಲ್ಪವಿರಾಮಕ್ಕೆ ಹರಿದಿದ್ದರು.

ಆಮೇಲೆ ನನ್ನ ಮದುವೆಯಾಯಿತು. ಬೈಲಹೊಂಗಲಕ್ಕೆ ಬಂದೆ. ನಮ್ಮ ಮನೆಯವರು ಮಾರುಕಟ್ಟೆಯಲ್ಲಿ ಹತ್ತಿಯ ದಲಾಲಿ ಮಾಡುವ ಅಡತಿ ಅಂಗಡಿಯ ಗುಮಾಸ್ತರು. ನಾನು ಮನೆಯಲ್ಲಿ ಬ್ಲೌಸ್ ಹೊಲಿಯಲು ಹಿಡಿದೆ. ಸಂಸಾರವೇನೋ ನೆಟ್ಟಗೆ ನಡೆಯಿತು. ಆದರೆ ಮಷೀನು ತುಳಿಯುವಾಗೆಲ್ಲ ನೀಲವ್ವ ಬಾಗಿಲಲ್ಲಿಯೇ ನಿಂತಿರುತ್ತಿದ್ದಳು. ಹೋಗಬಾರದು ಎಂದು ನನ್ನ ಆಸೆ. ಕಷ್ಟಪಟ್ಟು ಕಟ್ಟಿದ ಖಾನಾವಳಿ ಬಿಟ್ಟು ಆ ದಂಡಪಿಂಡದ ಹಿಂದೆ ಯಾಕೆ ಹೋಗಬೇಕು? ನಮ್ಮ ಮನೆಯವರು ಪೇಟೆಯಿಂದ ಬರುವಾಗ ಮಲ್ಲಿಗೆ ತಂದ ದಿನ ಮಾತ್ರ, ಹೋದರೂ ಹೋಗಲಿ ಪಾಪ, ಅನ್ನಿಸುತ್ತಿತ್ತು. ಧಾರವಾಡಕ್ಕೆ ಹೋದಾಗೆಲ್ಲ ಪುಸ್ತಕದ ಅಂಗಡಿಯಲ್ಲಿ ಕೇಳುತ್ತಿದ್ದೆ. ಕೊನೆಗೆ ಒಬ್ಬ ಅಂಗಡಿಯವರು ರೋಸಿ, “ಅಕ್ಕಾರ, ಆ ಪುಸ್ತಕ ಅಚ್ಚಿನ್ಯಾಗ ಇಲ್ಲ. ಬರದವರೂ ಇಲ್ಲ. ನೀವು ಬ್ಯಾರೆ ಒಂದ್ ತಗೋರಿ” ಎಂದು ಅಡುಗೆ ಪುಸ್ತಕ ಕೈಗಿತ್ತರು.

ಹೀಗಿರುವಾಗ ನಿಮ್ಮ ಕಾದಂಬರಿ ಟಿವಿಗೆ ಬಂತು.

ಟಿವಿ ಎಂದರೆ ನಿಮಗೆ ಗೊತ್ತಿರಲಿಕ್ಕಿಲ್ಲ. ನಿಮ್ಮ ಕಾಲದ ಕಂಪನಿ ನಾಟಕವನ್ನು ಚಪ್ಪಟೆ ಮಾಡಿ ಗೋಡೆಗೆ ಒರಗಿಸಿಟ್ಟಂತೆ. ನಡುನಡುವೆ ಒಬ್ಬಳು ಬಂದು ಸೋಪು ಮಾರಿ ಹೋಗುತ್ತಾಳೆ. ನಿಮ್ಮ ನೀಲವ್ವ ಅಳುವಾಗ ಸೋಪು, ನಗುವಾಗ ಗೋಡೆಯ ಬಣ್ಣ. ಇನ್ನು ಆ ನೀಲವ್ವನೋ, ಸವದತ್ತಿಯಲ್ಲಿ ಖಾನಾವಳಿ ನಡೆಸುತ್ತ ಬೆಂಗಳೂರಿನ ಕನ್ನಡ ಮಾತಾಡುತ್ತಾಳೆ. ರೊಟ್ಟಿ ಬಡಿಯುವಾಗಲೂ ರೇಷ್ಮೆ ಸೀರೆ, ಬಳೆಗೆ ಒಂದು ಚೂರು ಹಿಟ್ಟು ಹತ್ತುವುದಿಲ್ಲ. ಇರಲಿ, ಕೊನೆಯ ಹಾಳೆ ಸಿಕ್ಕರೆ ಸಾಕೆಂದು ನಾನು ಎಲ್ಲವನ್ನೂ ಕ್ಷಮಿಸಿದೆ.

ಆದರೆ ನನ್ನನ್ನು ನೋಡಗೊಡಬೇಕಲ್ಲ! ಧಾರಾವಾಹಿ ಶುರುವಾಗುವ ಹೊತ್ತಿಗೆ ಸರಿಯಾಗಿ ಗ್ಯಾಸ್ ಸಿಲಿಂಡರ್ ಬರುತ್ತಿತ್ತು. ಇಲ್ಲವೇ ನಳದ ನೀರು ಬರುತ್ತಿತ್ತು. ಎರಡೂ ಬರದ ದಿನ ನಮ್ಮ ಮನೆಯವರು ಅಂಗಡಿಯಿಂದ ಬರುತ್ತಿದ್ದರು. ಅವರು ಪಕ್ಕದಲ್ಲಿ ಕುಳಿತರೆಂದರೆ ಸೋಪಿನವಳೇ ವಾಸಿ.

“ಇವಾ ಯಾರು?” ಎಂದು ಕೇಳುವರು.

“ರುದ್ರಗೌಡ್ರಿ. ನೀಲವ್ವನ ಗಂಡ.”

“ಮತ್ತ ಆ ಮೀಸಿಯವಾ?”

“ಅವನೂ ರುದ್ರಗೌಡನ ರಿ. ನಾಟಕದಾಗ ಮೀಸಿ ಹಚ್ಚಿಕೊಂಡಾನ.”

“ಹಂಗಂದ್ರ ಆಕಿಗೆ ಗಂಡಂದಿರು ಇಬ್ರು?”

ಇಷ್ಟು ಹೊತ್ತಿಗೆ ಆ ದಿನದ ಕಂತು ಮುಗಿದಿರುತ್ತಿತ್ತು. ಹೀಗೆ ತುಂಡು ತುಂಡಾಗಿ, ಕತ್ತರಿಸಿದ ಬಟ್ಟೆ ಜೋಡಿಸಿದಂತೆ ಜೋಡಿಸಿಕೊಂಡು, ಕೊನೆಯ ಕಂತಿನ ದಿನಕ್ಕೆ ಬಂದು ಮುಟ್ಟಿದೆ.

ಆ ದಿನದ ನನ್ನ ಸಿದ್ಧತೆಯನ್ನು ನೋಡಿದ್ದರೆ ನೀವು ಮೆಚ್ಚುತ್ತಿದ್ದಿರಿ. ಮಧ್ಯಾಹ್ನವೇ ರಾತ್ರಿಯ ಅಡುಗೆ ಮಾಡಿ ಮುಚ್ಚಿಟ್ಟೆ. ನೀರು ತುಂಬಿದೆ. ‘ಇಂದು ಸಂಜೆ ಹೊಲಿಗೆ ಇಲ್ಲ’ ಎಂದು ರಟ್ಟಿನ ಮೇಲೆ ಬರೆದು ಬಾಗಿಲಿಗೆ ತೂಗುಹಾಕಿದೆ. ನಮ್ಮ ಮನೆಯವರಿಗೆ ಅಧಿಕೃತವಾಗಿ ತಿಳುವಳಿಕೆ ಕೊಟ್ಟೆ.

“ಇವತ್ತ ಸಂಜೀಕೆ ಟಿವಿ ನಂದು. ರಿಮೋಟ್ ಮುಟ್ಟಬ್ಯಾಡ್ರಿ. ಯಾರು, ಏನು ಅಂತ ಕೇಳಬ್ಯಾಡ್ರಿ.”

“ನಾ ಯಾಕ ಕೇಳಲಿ? ನನಗ ಎಲ್ಲಾ ಗೊತ್ತೈತಿ” ಎಂದರು. ಸ್ವಲ್ಪ ತಡೆದು, “ನೀಲವ್ವ ಅಂದ್ರ ಖಾನಾವಳಿಯಾಕಿ, ಹೌದಲ್ಲ?” ಎಂದರು.

ಇನ್ನೇನು ವಿಘ್ನ ಬಂದೀತು ಎಂದು ಧೈರ್ಯವಾಗಿ ಕುಳಿತು, ಓಣಿಯ ಶಾಂತಕ್ಕನ ಬ್ಲೌಸಿಗೆ ಹುಕ್ಕು ಹಚ್ಚುತ್ತಿದ್ದೆ. ಫೋನು ಬಂತು. ರಾಮದುರ್ಗದ ಸೋದರತ್ತೆ. ಬೇಳೆ ಸೀದದ್ದಕ್ಕೆ ಬೈದ ಅದೇ ಅತ್ತೆ. ಈಗ ವಯಸ್ಸಾಗಿದೆ, ದನಿ ಮಾತ್ರ ಹಾಗೆಯೇ ಇದೆ. ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಗಾಡಿ ಮಾಡಿಸಿಕೊಂಡು ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬಂದಿದ್ದರಂತೆ. ದರ್ಶನ ಮುಗಿಸಿ ಉಗರಗೋಳದಲ್ಲಿ ಚಹಾ ಕುಡಿಯುತ್ತಿದ್ದರಂತೆ. ಗುಡ್ಡದ ಮೇಲೆ ದರ್ಶನದ ಪಾಳಿಯಲ್ಲಿ ಯಾರು ಯಾರ ಕಾಲು ತುಳಿದರು ಎನ್ನುವುದನ್ನು ಅತ್ತೆ ಒಂದೊಂದೇ ಬೆರಳಿನ ಸಮೇತ ಹೇಳಿದರು. ಬಾಯಲ್ಲಿ ಸೂಜಿ, ಕಣ್ಣು ಗಡಿಯಾರದ ಮೇಲೆ. ಹೂಂ ಹೂಂ ಎನ್ನುತ್ತ ಕುಳಿತೆ. ಕೊನೆಗೊಮ್ಮೆ ಅತ್ತೆ,

“ಹಂಗಾರ ಬರತೇನವಾ ಸುವ್ವಿ” ಎಂದರು.

ನೀವೂ ಈ ಕಡೆಯವರೇ, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಹೋಗುವವರು ‘ಹೋಗತೇನಿ’ ಎನ್ನುವುದಿಲ್ಲ, ಅದು ಅಪಶಕುನ. ‘ಬರತೇನಿ’ ಎಂದು ಹೋಗುತ್ತಾರೆ. ಮನೆಯವರು ‘ಹೂಂ, ಬರ್ರಿ’ ಎಂದು ಕಳಿಸುತ್ತಾರೆ. ಅತ್ತೆ ಫೋನನ್ನೂ ಒಂದು ಮನೆಯ ಬಾಗಿಲು ಎಂದೇ ತಿಳಿದವರು. ಉಳಿದವರು ‘ಇಡತೇನಿ’ ಎಂದರೆ ಅವರು ‘ಬರತೇನಿ’ ಎನ್ನುತ್ತಾರೆ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಮಾತು ಮುಗಿಯಿತಲ್ಲ ಎನ್ನುವ ಸಂತೋಷ ಎಷ್ಟಾಯಿತೆಂದರೆ,

“ಹೂಂ, ಬರ್ರಿ ಬರ್ರಿ” ಎಂದುಬಿಟ್ಟೆ.

ಆ ಕಡೆ ಅತ್ತೆ ಯಾರಿಗೋ ‘ತಡೀಪಾ’ ಎಂದದ್ದು ಕೇಳಿಸಿತು. ಆಮೇಲೆ, “ಮಂದಿ ಭಾಳ ಐತೆವಾ” ಎಂದರು.

ಗುಡ್ಡದ ಮಾತು ಇನ್ನೂ ಮುಗಿದಿಲ್ಲ ಎಂದುಕೊಂಡೆ. “ಇರಲಿ ಬಿಡ್ರಿ ಅತ್ತಿ. ಮಂದಿ ಇದ್ರನ ಕಳೆ.”

“ಪಡಲಗಿನೂ ಐತಿ.”

ಪಡಲಗಿ ಎಂದರೆ ದೇವಿಯ ಬಿದಿರಿನ ಬುಟ್ಟಿ. ಗುಡ್ಡಕ್ಕೆ ಹೋಗುವವರ ಹತ್ತಿರ ಅದು ಇರಲೇಬೇಕು. “ಛಲೋ ಆತಲ್ರಿ” ಎಂದೆ.

“ನಿನ್ನ ಮನಸ ದೊಡ್ಡದವಾ” ಎಂದು ಹರಸಿ ಅತ್ತೆ ಫೋನ್ ಇಟ್ಟರು. ನನ್ನ ಮನಸ್ಸು ಯಾವ ಕಾರಣಕ್ಕೆ ದೊಡ್ಡದಾಯಿತು ಎಂದು ವಿಚಾರಿಸುವಷ್ಟು ಬುದ್ಧಿ ಇದ್ದಿದ್ದರೆ ಈ ಪತ್ರ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಸಂಜೆಯಾಯಿತು. ದೇವರಿಗೆ ದೀಪ ಹಚ್ಚಿ, ಟಿವಿ ಹಚ್ಚಿ, ಎರಡಕ್ಕೂ ಕೈ ಮುಗಿದು ಕುಳಿತೆ. ರುದ್ರಗೌಡ ಬಸ್ಸಿನಿಂದ ಇಳಿದ. ನಾನು ಮುಂದಕ್ಕೆ ಸರಿದು ಕುಳಿತೆ. ಅವನು ಖಾನಾವಳಿಯ ಓಣಿಗೆ ತಿರುಗುವುದಕ್ಕೂ ನಮ್ಮ ಓಣಿಯಲ್ಲಿ ಒಂದು ಗಾಡಿ ತಿರುಗುವುದಕ್ಕೂ ಸರಿಹೋಯಿತು. ಹಾರ್ನ್ ಹೊಡೆಯಿತು. ಗಾಡಿಯಲ್ಲಿದ್ದವರೆಲ್ಲ ಒಂದೇ ದನಿಯಲ್ಲಿ ಯಲ್ಲಮ್ಮನಿಗೆ “ಉಧೋ ಉಧೋ” ಎಂದರು.

ಬಾಗಿಲು ತೆರೆದರೆ ಅತ್ತೆ. ಹಿಂದೆ ಮಾವ. ಅವರ ಹಿಂದೆ ಮಕ್ಕಳು, ಸೊಸೆಯಂದಿರು, ಸೊಸೆಯಂದಿರ ತವರಿನವರು, ಹಣೆಗೆ ಭಂಡಾರದ ಅರಿಸಿನ ಬಳಿದುಕೊಂಡ ಡ್ರೈವರ್. ಇಳಿದಷ್ಟೂ ಮಂದಿ ಮುಗಿಯಲೊಲ್ಲರು. ನಾನು ಬಾಗಿಲಲ್ಲಿ ಬಾಯಿ ತೆರೆದುಕೊಂಡು ನಿಂತೆ.

“ಅತ್ತೀ, ನೀವು ಈ ಕಡೆ?”

ಸವದತ್ತಿಯಿಂದ ರಾಮದುರ್ಗಕ್ಕೆ ಹೋಗುವವರಿಗೆ ಬೈಲಹೊಂಗಲ ದಾರಿಯಲ್ಲಿ ಸಿಗುವ ಊರಲ್ಲ. ಪೂರಾ ಎದುರು ದಿಕ್ಕು.

“ನಾವು ಊರಿಗೇ ಹೊಂಟಿದ್ವಿ” ಎಂದರು ಅತ್ತೆ. “ಬರತೇನಿ ಅಂದ್ನಿ. ನೀ ಒಮ್ಮೆ ಬರ್ರಿ ಅಂದಿದ್ರ ಹೋಗಿಬಿಡ್ತಿದ್ವಿ. ಬರ್ರಿ ಬರ್ರಿ ಅಂತ ಎರಡ ಸಲ ಅಂದಿ. ಮಂದಿ ಭಾಳ ಐತಿ ಅಂದೆ, ಇರಲಿ ಅಂದಿ. ಪಡಲಗಿ ಐತಿ ಅಂದೆ, ಛಲೋ ಆತು ಅಂದಿ. ಇಷ್ಟ ಬಾಯಿ ತುಂಬ ಕರದಾಗ ಬರಲಿಲ್ಲ ಅಂದ್ರ ತಾಯಿ ಮೆಚ್ಚತಾಳೇನು? ಗಾಡಿ ಹೊಳ್ಳಸಪಾ ಅಂದ್ನಿ.”

ಆಗ ನನಗೆ ನಮ್ಮ ಭಾಷೆಯ ವ್ಯಾಕರಣ ತಿಳಿಯಿತು. ಒಂದು ‘ಬರ್ರಿ’ ಎಂದರೆ ಹೋಗಿರಿ. ಎರಡು ‘ಬರ್ರಿ’ ಎಂದರೆ ಬನ್ನಿರಿ. ಯಾವ ಮೇಷ್ಟ್ರೂ ಇದನ್ನು ಕಲಿಸಿರಲಿಲ್ಲ.

ನಮ್ಮ ಮನೆಯವರು ನನ್ನನ್ನೇ ನೋಡಿದರು. ಕೇಳಬಾರದೆಂದು ಮೊದಲೇ ಕಟ್ಟಪ್ಪಣೆಯಾಗಿತ್ತಲ್ಲ, ಪಾಪ, ಏನೂ ಕೇಳಲಿಲ್ಲ.

ಮಂದಿ ಹೇಗೋ ಕುಳಿತರು. ಪಡಲಗಿ ಕೂರಲು ಜಾಗ ಬೇಕಾಯಿತು. ಬೇವಿನ ಸೊಪ್ಪು, ಹೂವು, ಹಸಿರು ಕುಪ್ಪಸದ ಕಣ, ಮೇಲೆ ದೇವಿಯ ಮುಖ, ನಮ್ಮ ಹಿಟ್ಟಿನ ಡಬ್ಬಿಗಿಂತ ದೊಡ್ಡ ಬುಟ್ಟಿ. ನೆಲದ ಮೇಲೆ ಇಡುವಂತಿಲ್ಲ, ಮಂದಿ ತುಳಿದಾಡುತ್ತಾರೆ. ಮಷೀನಿನ ಮೇಲೆ ಊರವರ ಬ್ಲೌಸುಗಳ ರಾಶಿ. ಅತ್ತೆ ಸುತ್ತ ಕಣ್ಣಾಡಿಸಿ, “ಇಲ್ಲಿ ಬೇಷ್ ಐತಿ” ಎಂದು ಟಿವಿ ಮೇಜಿನ ಮೇಲೆ, ಟಿವಿಯ ಮುಂದೆ, ನಟ್ಟನಡುವೆ ತಾಯಿಯನ್ನು ಕೂರಿಸಿಯೇ ಬಿಟ್ಟರು.

ಪರದೆಯಲ್ಲಿ ಮೇಲಿನ ಒಂದು ಪಟ್ಟಿ ಮಾತ್ರ ಉಳಿಯಿತು. ಅದರಲ್ಲಿ ಖಾನಾವಳಿಯ ಹೆಂಚು ಕಾಣುತ್ತಿತ್ತು. ರುದ್ರಗೌಡ ಎತ್ತರದ ಆಳಾದ್ದರಿಂದ ಅವನ ರುಮಾಲು ಹೋಗಿಬರುತ್ತಿತ್ತು. ನೀಲವ್ವನದು ತುರುಬು.

“ಅತ್ತೀ, ಚೂರ ಈ ಕಡೆ ಸರಸಿದ್ರ” ಎಂದೆ, ಆದಷ್ಟು ಭಕ್ತಿಯಿಂದ.

ಅತ್ತೆಯ ಕಣ್ಣು ದೊಡ್ಡವಾದವು. “ಕುಂತ ತಾಯಿನ್ನ ಸರಸೂದಾ? ಐದು ಮಂದಿ ಮುತ್ತೈದ್ಯಾರು ಬಂದು ಪಡಲಗಿ ತುಂಬಿಸಿದ ಮ್ಯಾಲೆನ ಎತ್ತೂದು. ನಮ್ಮ ಮನಿ ಪದ್ಧತಿ ಮರತೇನ?”

“ಇವರೆಲ್ಲ ಅದಾರಲ್ರಿ” ಎಂದು ಸೊಸೆಯಂದಿರ ಕಡೆ ಕೈ ತೋರಿಸಿದೆ.

“ತಂದವರ ತುಂಬತಾರೇನು? ಬಂದ ಮನೀ ಓಣಿಯವರು ತುಂಬಬೇಕು.”

ನಾನು ಓಡಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಈ ವಯಸ್ಸಿನಲ್ಲಿ, ಓಣಿಯ ಮನೆಮನೆಗೂ ಓಡಿದೆ. ಎಲ್ಲ ಮನೆಯಲ್ಲೂ ಅದೇ ಧಾರಾವಾಹಿ ನಡೆದಿತ್ತು. ಯಾರೂ ಏಳಲೊಲ್ಲರು. “ಸೋಪಿನಾಕಿ ಬರಲಿ, ಏಳತೇನಿ” ಎಂದರು ಒಬ್ಬರು. ಅವರ ಬಾಗಿಲಲ್ಲಿ ನಿಂತೇ ನೋಡಿಬಿಡಬೇಕಾಗಿತ್ತು ಎಂದು ನೀವು ಹೇಳಬಹುದು. ನನಗೂ ಈಗ ಹೊಳೆಯುತ್ತದೆ. ಆಗ ಹೊಳೆಯಲಿಲ್ಲ. ತಾಯಿಯ ಹೆಸರು ಹೇಳಿ, ಕೈ ಹಿಡಿದು ಎಳೆದು, ಎಲ್ಲರ ಟಿವಿಯನ್ನೂ ಬಂದ್ ಮಾಡಿಸಿ, ಐದು ಮಂದಿಯನ್ನು ಕರೆತಂದೆ. ಅಂದರೆ ಕೊನೆಯ ದೃಶ್ಯ ನೋಡಿ ನನಗೆ ಹೇಳಬಹುದಾಗಿದ್ದ ಐದು ಮಂದಿ ಸಾಕ್ಷಿದಾರರನ್ನು ನನ್ನ ಕೈಯಿಂದಲೇ ಕೆಡಿಸಿದೆ.

ಅವರಲ್ಲಿ ಶಾಂತಕ್ಕನೂ ಒಬ್ಬಳು. ಬಂದವಳೇ ತನ್ನ ಬ್ಲೌಸನ್ನು ರಾಶಿಯಿಂದ ಎತ್ತಿ ನೋಡಿದಳು.

“ಸುವರ್ಣಕ್ಕಾ, ಹುಕ್ಕು ಬೆನ್ನಿಗೆ ಹಚ್ಚೀಯಲ್ಲ. ನಾ ಮುಂದ ಹೇಳಿದ್ನಿ.”

“ಈಗಿನ ಫ್ಯಾಶನ್ ಐತಿ ತಗೋ” ಎಂದೆ.

“ನನಗ ಅರವತ್ತಾತು” ಎಂದಳು. ನಾನು ಅಡುಗೆಮನೆಗೆ ನುಗ್ಗಿದೆ.

ಮಧ್ಯಾಹ್ನ ಮಾಡಿಟ್ಟ ಇಬ್ಬರ ಅಡುಗೆ ಈ ದಂಡಿಗೆ ಯಾವ ಮೂಲೆಗೆ? ಊಟದ ಮಾತು ಆಮೇಲೆ, ಮೊದಲು ಚಹಾ. ದೊಡ್ಡ ಪಾತ್ರೆ ಇಟ್ಟು, ಕಿವಿಯನ್ನು ಹೊರಗೆ ಇಟ್ಟೆ. ಹೊರಗೆ ಐದು ಮಂದಿ ಜೋಳ, ಬೆಲ್ಲ ಹಾಕಿ ಪಡಲಗಿ ತುಂಬುತ್ತ ಹಾಡು ಶುರು ಮಾಡಿದ್ದರು. ಹಾಡಿನ ಸಂದಿಯಲ್ಲಿ ರುದ್ರಗೌಡನ ದನಿ ಕೇಳಿಸಿತು: “ತಪ್ಪಾಯ್ತು ನೀಲಾ.” ಹಾಡು. “ಒಂದು ದಿನವೂ ನಿನ್ನ ಮರೆತಿಲ್ಲ.” ಹಾಡು. ಸುಳ್ಳ, ಎಂದು ನಾನು ಒಲೆಯ ಮುಂದೆ ನಿಂತು ಬೈದೆ. ಹಾಲು ಉಕ್ಕಿತು. ಹಾಲಿನ ಗತಿ ಏನಾದರೂ ಆಗಲಿ ಎಂದು ಹೊರಗೆ ಬಂದು, ಐದು ಮಂದಿಯ ಬೆನ್ನ ಹಿಂದೆ ತುದಿಗಾಲ ಮೇಲೆ ನಿಂತೆ.

ಪಟ್ಟಿಯ ಎಡಕ್ಕೆ ರುಮಾಲು. ಬಲಕ್ಕೆ ತುರುಬು. ನಡುವೆ ದೇವಿಯ ಮುಖ.

“ನಡಿ ನೀಲಾ, ಊರಿಗೆ ಹೋಗೋಣ” ಎಂದಿತು ರುಮಾಲು.

ಅದೇನು ತಾಯಿಯ ಲೀಲೆಯೋ, ಆ ಗಳಿಗೆಗೆ ಸರಿಯಾಗಿ ಹಾಡು ಮುಗಿಯಿತು. ಮನೆಯೆಲ್ಲ ನಿಶ್ಶಬ್ದ. ಅಷ್ಟು ಮಂದಿಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ತುರುಬು ಸ್ವಲ್ಪ ಅಲುಗಿತು. ನೀಲವ್ವ ಬಾಯಿ ಬಿಟ್ಟಳು.

“ಬರ್ತೀನಿ” ಎಂದಳು.

ತುರುಬು ಎಡಕ್ಕೆ ಸರಿದು ಕಾಣದಾಯಿತು. ಸಂಗೀತ ಬಂತು. ಹೆಸರುಗಳು ಬಂದವು. ಓಣಿಯವರು “ಉಧೋ ಉಧೋ” ಎಂದು ಪಡಲಗಿ ಎತ್ತಿದರು. ಪೂರ್ತಿ ಪರದೆ ಕಾಣಿಸಿತು. ಅದರಲ್ಲಿ ಸೋಪಿನವಳು ನಗುತ್ತಿದ್ದಳು.

ನನ್ನ ಕಣ್ಣಲ್ಲಿ ನೀರು ಬಂತು. ನಿಜವಾಗಿ ಹೇಳುತ್ತೇನೆ, ಅಷ್ಟು ಮಂದಿಯ ಮುಂದೆ ಅತ್ತುಬಿಟ್ಟೆ. ಸೋದರತ್ತೆ ಅದನ್ನು ಭಕ್ತಿ ಎಂದು ತಿಳಿದು ನನ್ನ ಹಣೆಗೆ ಇನ್ನಷ್ಟು ಭಂಡಾರ ಬಳಿದರು.

“ಬರ್ತೀನಿ ಅಂದ್ಲಲ್ರಿ” ಎಂದು ನಾನು ಎಲ್ಲರನ್ನೂ ಕೇಳಿದೆ. “ಅಂದ್ರ ಅವನ ಕೂಡ ಹೋದ್ಲೋ, ಅವನ್ನ ಬಿಟ್ಟು ಒಳಗ ಬಂದ್ಲೋ?”

“ಕೂಡೇ ಹೋದ್ಲು” ಎಂದರು ಮಾವ. “ಗಂಡ ನಡಿ ಅಂದ, ಆಕಿ ಬರತೇನಿ ಅಂದ್ಲು. ಇದರಾಗ ತಿಳಿಲಾರದ್ದು ಏನೈತಿ?”

“ಹೋದ್ಲಂತ!” ಎಂದು ಅಣಕಿಸಿದರು ಅತ್ತೆ. “ಹೋಗಪಾ ನೀನು, ನಾ ಬರತೇನಿ ಅಂತ ಹೇಳಿ ಒಳಗ ಹೋಗಿ ಬಾಗಲಾ ಹಾಕ್ಕೊಂಡ್ಲು. ಆಕಿ ಜಾಗಾದಾಗ ನಾ ಇದ್ದಿದ್ರ ಬರತೇನಿ ಅಂತನೂ ಅಂತಿದ್ದಿಲ್ಲ.” ಹೀಗೆಂದು ಮಾವನ ಕಡೆ ಒಂದು ನೋಟ ನೋಡಿದರು. ಮಾವ ನಮ್ಮ ಮನೆಯ ಫ್ಯಾನನ್ನು ಬಹಳ ಹೊತ್ತು ಪರೀಕ್ಷಿಸಿದರು.

ನಮ್ಮ ಮನೆಯವರು ಗಂಟಲು ಸರಿಪಡಿಸಿಕೊಂಡರು. “ಒಲಿ ಮ್ಯಾಲ ಏನರೆ ಇಟ್ಟಿರಬೇಕು. ಆರಿಸಿ ಬರತೇನಿ ಅಂದಿರಬೇಕು.”

ಅಡುಗೆಮನೆಯಿಂದ ಸೀದ ಹಾಲಿನ ವಾಸನೆ ಬಂತು. ನಾನು ಓಡಿದೆ.

ಅದಾದ ಮೇಲೆ ಓಣಿಯವರೆಲ್ಲ ಸೇರಿ ರೊಟ್ಟಿ ಬಡಿದದ್ದು, ಎಲ್ಲರೂ ಉಂಡದ್ದು ಬೇರೆ ಕಥೆ. ಹೊರಡುವಾಗ ಅತ್ತೆ ಬಾಗಿಲಲ್ಲಿ ನಿಂತು, “ಬರತೇನವಾ” ಎಂದರು. ನಾನು ಬಾಯಿ ತೆರೆದವಳು ಗಪ್ಪನೆ ಮುಚ್ಚಿದೆ. ಒಂದು ಸಲ ಅನ್ನಲು ಹೋಗಿ ಎರಡು ಸಲ ಬಂದುಬಿಟ್ಟರೆ? ಸುಮ್ಮನೆ ತಲೆ ಆಡಿಸಿದೆ. ಅತ್ತೆಯ ಮುಖ ಸಣ್ಣದಾಯಿತು.

“ಒಂದು ಬರ್ರಿ ಅನ್ನಾಕೂ ಬಾಯಿ ಬರಲಿಲ್ಲೇನ ನಿನಗ? ನಾವೇನು ನಾವಾಗೇ ಬಂದವರಾ?”

ಆ ಸಿಟ್ಟನ್ನು ಇಳಿಸಲು ಎಲ್ಲರನ್ನೂ ಮತ್ತೆ ಒಳಗೆ ಕರೆದು, ಕೂರಿಸಿ, ಇನ್ನೊಂದು ಪಾತ್ರೆ ಚಹಾ ಮಾಡಬೇಕಾಯಿತು. ಎರಡನೆಯ ಸಲ ಕಳಿಸುವಾಗ ನಮ್ಮ ಮನೆಯವರು ನನ್ನ ಪಕ್ಕದಲ್ಲಿಯೇ ನಿಂತಿದ್ದರು. ನಾನು ‘ಬರ್ರಿ’ ಎಂದ ಕೂಡಲೇ ನನ್ನ ಕೈ ಒತ್ತಿ ಹಿಡಿದರು.

ಮರುದಿನ ಶಾಂತಕ್ಕ ಬ್ಲೌಸಿನ ಹುಕ್ಕು ಬಿಚ್ಚಿಸಲು ಬಂದಾಗ, “ಅಯ್ಯ, ಅದು ಮೊಬೈಲ್‌ನ್ಯಾಗ ಇರತೈತಲ್ಲ” ಎಂದಳು. ಇದನ್ನು ಮೊದಲೇ ಹೇಳಬಾರದಿತ್ತೇ? ನೀನು ಕೇಳಲಿಲ್ಲ ಎಂದಳು. ಅವಳ ಮೊಬೈಲನ್ನು ಕಸಿದುಕೊಂಡು, ಬಾಗಿಲು ಹಾಕಿ, ಅಗಳಿ ಹಾಕಿ ಕುಳಿತೆ. ಈಗ ನಡುವೆ ದೇವಿ ಇಲ್ಲ, ಮಂದಿ ಇಲ್ಲ, ಸೋಪಿನವಳೂ ಬೇಗ ಹೋದಳು. ರುಮಾಲಿನ ಕೆಳಗೆ ರುದ್ರಗೌಡ ಇದ್ದ. ತುರುಬಿನ ಕೆಳಗೆ ನೀಲವ್ವ ಇದ್ದಳು. ಸೆರಗಿಗೆ ಕೈ ಒರೆಸಿಕೊಂಡಳು. ಅವನ ಮುಖ ನೋಡಿದಳು. ಹೊಸ್ತಿಲ ಮೇಲೆ ಒಂದು ಕಾಲು ಇಟ್ಟು, “ಬರ್ತೀನಿ” ಎಂದಳು. ಕ್ಯಾಮೆರಾ ಆಕೆಯ ಮುಖದ ಹತ್ತಿರ ಬಂತು, ಮುಖ ಪಕ್ಕಕ್ಕೆ ಸರಿಯಿತು, ಬರೀ ಹೊಸ್ತಿಲು ಉಳಿಯಿತು.

ಹೆಸರುಗಳು ಬಂದವು. ಕೊನೆಗೆ ಒಂದು ಸಾಲು ಬಂತು: ಮೂಲ ಕಾದಂಬರಿಯ ಅಂತ್ಯವನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.

ಅಂದರೆ ಸ್ವಾಮಿ, ಇದು ನಿಮ್ಮದೇ ಕೆಲಸ. ಹರಿದುಹೋದ ಹಾಳೆಯಲ್ಲಿ ಇದ್ದದ್ದು ಇಷ್ಟೇ. ನೀವು ‘ಬರತೇನಿ’ ಎಂದು ಬರೆದಿರಬೇಕು, ಅವರು ಬೆಂಗಳೂರಿನ ಕನ್ನಡಕ್ಕೆ ತಿರುಗಿಸಿದರು. ಆ ಕನ್ನಡದಲ್ಲಿಯೂ ಅದಕ್ಕೆ ಅದೇ ಎರಡು ಅರ್ಥ. ಚುರುಮುರಿ ಕಟ್ಟಿಕೊಂಡು ಹೋದವರನ್ನು ಇಷ್ಟು ವರ್ಷ ಶಪಿಸಿದೆನಲ್ಲ, ಅವರಿಗೆ ಸಿಕ್ಕದ್ದೂ ಏನೂ ಇಲ್ಲ. ಹಾಳೆ ಇದ್ದವರಿಗೂ ಇಲ್ಲದವರಿಗೂ ನೀವು ಒಂದೇ ನ್ಯಾಯ ಮಾಡಿದ್ದೀರಿ. ಈ ಭಾಗದಲ್ಲೇ ಹುಟ್ಟಿ, ಇಲ್ಲಿಯೇ ರೊಟ್ಟಿ ತಿಂದು, ‘ಬರತೇನಿ’ ಎನ್ನುವ ಮಾತಿನ ಮೇಲೆ ಒಬ್ಬ ಹೆಂಗಸಿನ ಬಾಳನ್ನು ನಿಲ್ಲಿಸಿ ಹೋಗಲು ನಿಮಗೆ ಮನಸ್ಸಾದರೂ ಹೇಗೆ ಬಂತು? ಹೋದಳೋ, ಬಂದಳೋ, ಒಂದು ಮಾತು ಹೇಳಿದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಇಷ್ಟು ಬರೆದು, ಸಿಟ್ಟೂ ಇಳಿದು, ಪತ್ರ ಮುಗಿಸೋಣವೆಂದು ‘ಇನ್ನು ಬರತೇನಿ’ ಎಂದು ಕೆಳಗೆ ಬರೆದೆ. ನಮ್ಮ ಮನೆಯವರು ಹಿಂದೆ ನಿಂತು ಓದುತ್ತಿದ್ದರೆಂದು ನನಗೆ ಗೊತ್ತಿರಲಿಲ್ಲ. ಪೆನ್ನನ್ನೇ ಹಿಡಿದುಕೊಂಡರು.

“ಸತ್ತವರಿಗೆ ಬರತೇನಿ ಅಂತ ಬರೀತಾರೇನ? ಹೊಡದ ಹಾಕು ಅದನ್ನ.”

“ಹಂಗಂದ್ರ ಹೋಗತೇನಿ ಅಂತ ಅರ್ಥ ರಿ.”

“ಅವರು ಹಂಗ ತಿಳಕೋಲಿಲ್ಲ ಅಂದ್ರ?” ಅವರ ಮುಖ ಬಿಳಿಚಿತ್ತು. “ನೀ ಹೋದಿ ಅಂದ್ರ ನಾ ಏನ್ ಮಾಡಲಿ?”

ಇಷ್ಟು ವರ್ಷದ ಸಂಸಾರದಲ್ಲಿ ಅವರು ಇದಕ್ಕಿಂತ ಬಿಚ್ಚಿ ಏನನ್ನೂ ಹೇಳಿದ್ದಿಲ್ಲ. ನಾನು ಆ ಸಾಲು ಹೊಡೆದು ಹಾಕಿದೆ.

“ಹಂಗಾರ ‘ನೀವ ಬರ್ರಿ’ ಅಂತ ಬರೀಲೇನ್ರಿ?”

“ಬ್ಯಾಡ. ನಿನ್ನ ‘ಬರ್ರಿ’ ಮ್ಯಾಲ ನನಗ ವಿಶ್ವಾಸ ಇಲ್ಲ. ಒಂದೂ ಬ್ಯಾಡ, ಎರಡೂ ಬ್ಯಾಡ.”

‘ಹೋಗತೇನಿ’ ಎಂದು ಬರೆಯುವಂತೆಯೇ ಇಲ್ಲ, ಅದು ಅಪಶಕುನ. ಹೀಗಾಗಿ ಯಾವ ಮಾತೂ ಸಿಕ್ಕದೆ, ಪೆನ್ನು ಹಿಡಿದು ಬಹಳ ಹೊತ್ತಿನಿಂದ ಸುಮ್ಮನೆ ಕುಳಿತಿದ್ದೇನೆ. ನಿಜ ಹೇಳಿರಿ, ನೀಲವ್ವನನ್ನು ಬಾಗಿಲಿಗೆ ತಂದು ನಿಲ್ಲಿಸಿದಾಗ ನಿಮಗೂ ಹೀಗೇ ಆಗಿತ್ತೇನ್ರಿ?